ಎಂಟು ಡಬ್ಬದ ಯಜಮಾನ

ಸೌಂಡ್ ಸೆಟ್ಟಿನ ಬೇಸ್ ಡಬ್ಬವನ್ನು ಅವನು ಹಲಸಿನ ಹಣ್ಣಿನ ಹಾಗೆ ಬಡಿದು ನೋಡುತ್ತಿದ್ದ. ಬೆರಳ ಗೆಣ್ಣಿನಿಂದ ಟಕ್ ಟಕ್ ಎನಿಸಿ, ಆಮೇಲೆ ಕಿವಿ ಹಚ್ಚಿ ಕಣ್ಣು ಮುಚ್ಚುತ್ತಿದ್ದ. ಸುತ್ತ ನಿಂತವರು ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಸ್ವಲ್ಪ ಹೊತ್ತು ಹಾಗೇ ಇದ್ದು, ಅತ್ತರು ಹಚ್ಚಿದ ಕರ್ಚೀಪಿನಿಂದ ಬೆರಳು ಒರೆಸಿಕೊಂಡು, “ಇದರಾಗ ಪಂಚಮ ಐತ್ರಿ” ಅಂತಲೋ “ಇದು ಮೂಕ ಡಬ್ಬಿ” ಅಂತಲೋ ತೀರ್ಪು ಕೊಡುತ್ತಿದ್ದ. ಒಳಗೆ ಸ್ಪೀಕರನ್ನೇ ಇನ್ನೂ ಕೂರಿಸದ ಹಲಗೆ ಪೆಟ್ಟಿಗೆಗೆ ಪಂಚಮ ಎಲ್ಲಿಂದ ಬಂತು ಎಂದು ಒಬ್ಬರಾದರೂ ಕೇಳಿದ್ದನ್ನು ನಾನು ಕಂಡಿಲ್ಲ.

ಶಿರಸಿಯಲ್ಲಿ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವ ಅಂಗಡಿ ಅವನದು. ಬನವಾಸಿ ಕಡೆಯಿಂದ ಬಂದವನು, ಮಾತೂ ಆ ಕಡೆಯದೇ. ಈಚೆಗೆ ಮಂಡಿ ನೋವು ಎಂದು ಅಂಗಡಿ ಮುಚ್ಚಿದ. ಮುಚ್ಚಿದ್ದೇ ತಡ, ಅವನಿಗೊಂದು ಸನ್ಮಾನ, ಶಾಲು, ಹಣ್ಣಿನ ಬುಟ್ಟಿ, ‘ನಾದ ತಪಸ್ವಿ’ ಎಂದು ಒಂದು ಬ್ಯಾನರು. ಆ ಬ್ಯಾನರು ಕಂಡ ದಿನದಿಂದ ನನಗೆ ಸಮಾಧಾನವಿಲ್ಲ. ನಾನು ಶಾಲೆ ಬಿಟ್ಟದ್ದು ಏಳನೇ ಇಯತ್ತೆಯಲ್ಲಿ. ಬರೆಯುವುದು ನನ್ನ ಕಸುಬಲ್ಲ. ಆದರೆ ಸೌಂಡಿನ ಕಸುಬನ್ನು ಬೆನ್ನ ಮೇಲೆ ಹೊತ್ತು ಕಲಿತವನು ನಾನು, ಯಾವುದು ತಪಸ್ಸು ಯಾವುದು ಅಲ್ಲ ಎಂದು ಹೇಳುವ ಹಕ್ಕು ನನಗಿದೆ. ಅವನ ಹೆಸರು ಬರೆಯುವುದಿಲ್ಲ. ಬರೆದರೆ ಈ ಹಾಳೆಯನ್ನೂ ಕತ್ತರಿಸಿ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಂಡಾನು. ಎದುರಿಗೆ ಸಿಕ್ಕಾಗ ವಯಸ್ಸಿಗೆ ಬೆಲೆ ಕೊಟ್ಟು ‘ನೀವು’ ಎನ್ನುತ್ತಿದ್ದೆ. ಬರೆಯುವಾಗ ಅಷ್ಟು ಮರ್ಯಾದೆಯ ಅಗತ್ಯ ಕಾಣುವುದಿಲ್ಲ.

ಈ ಕಸುಬು ಗೊತ್ತಿಲ್ಲದವರಿಗೆ ಒಂದು ಮಾತು. ದಪ್ಪ ಸ್ವರ ದೂರಕ್ಕೆ ಹೋಗಬೇಕಾದರೆ ಕಹಳೆಯಂಥ ಉದ್ದನೆಯ ಬಾಯಿ ಬೇಕು. ಅದನ್ನು ನೆಟ್ಟಗೆ ಮಾಡಲು ಹೊರಟರೆ ಲಾರಿಯಷ್ಟು ಉದ್ದ ಆದೀತು. ಅದಕ್ಕೇ ಆ ಕಹಳೆಯನ್ನು ಹಲಗೆಯಲ್ಲಿ ಕೊಯ್ದು, ಒಳಗೊಳಗೇ ಮಡಚಿ, ಒಂದು ಪೆಟ್ಟಿಗೆಯಲ್ಲಿ ತುಂಬುತ್ತಾರೆ. ಸ್ಪೀಕರು ಹಿಂದೆಲ್ಲೋ ಕತ್ತಲೆಯಲ್ಲಿ ಕೂತಿರುತ್ತದೆ. ಸ್ವರ ಆ ತಿರುವು ದಾರಿಯಲ್ಲಿ ಅಗಲವಾಗುತ್ತ ಬಂದು ಮುಂದಿನ ದೊಡ್ಡ ಬಾಯಿಂದ ಹೊರಬೀಳುತ್ತದೆ. ನಾವು ಇದಕ್ಕೆ ಹಾರ್ನ್ ಡಬ್ಬ ಎನ್ನುತ್ತೇವೆ. ಒಂದನ್ನು ಎತ್ತಲು ಇಬ್ಬರು ಗಟ್ಟಿಗರು ಬೇಕು, ಮೆಟ್ಟಿಲು ಇದ್ದರೆ ನಾಲ್ವರು. ಎದುರು ನಿಂತು ನೋಡಿದವರಿಗೆ ಕಾಣುವುದು ಕಪ್ಪು ಬಾಯಿ ಮಾತ್ರ.

ಇಂಥ ಡಬ್ಬ ಆರಿಸುವುದರಲ್ಲಿ ಅವನನ್ನು ಬಿಟ್ಟರಿಲ್ಲ ಎಂದು ಮೂರು ತಾಲೂಕಿನಲ್ಲಿ ಹೆಸರಾಗಿತ್ತು. ಯುವಕ ಮಂಡಳಿಯವರು ಸೆಟ್ ಕೊಳ್ಳಲು ಹೊರಟರೆ ಮೊದಲು ಅವನ ಅಂಗಡಿಗೆ ಹೋಗಿ ಚಹಾ ಕುಡಿದು ಬರುತ್ತಿದ್ದರು. ಅವನು ಅವರಿಗೆ ಹೇಳುತ್ತಿದ್ದದ್ದು, ಡಬ್ಬ ಆರಿಸುವುದೂ ಎತ್ತು ಆರಿಸುವುದೂ ಒಂದೇ ಎಂದು. ಇದು ಮಾತಿಗೆ ಹೇಳಿದ್ದಲ್ಲ. ಎತ್ತಿನ ಮೈಮೇಲೆ ಸುಳಿ ಹುಡುಕುವ ಹಾಗೆ ಅವನು ಪ್ಲೈವುಡ್ಡಿನ ಮೇಲೂ ಸುಳಿ ಹುಡುಕುತ್ತಿದ್ದ. ಮರದ ಗಂಟು ಇದ್ದಲ್ಲಿ ನಾರು ಸುತ್ತಿ ಬಂದಿರುತ್ತದಲ್ಲ, ಅದರ ಮೇಲೆ ಬೆರಳಾಡಿಸಿ, ಇದು ಬಾಸಿಂಗ ಸುಳಿ, ಇದು ಮನೆಗೆ ಆಗಿಬರುವುದಿಲ್ಲ ಎಂದು ತಲೆ ಅಲ್ಲಾಡಿಸುತ್ತಿದ್ದ.

ನಾನು ಮೊದಲ ಎರಡು ಹಾರ್ನ್ ಡಬ್ಬ ಮಾಡಿದ್ದು ಸಿದ್ದಾಪುರದ ನನ್ನ ಮನೆಯ ಅಂಗಳದಲ್ಲಿ. ಗೋವಾದ ಒಬ್ಬ ಸೌಂಡಿನವನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಳದಾರಿ ಬರೆದು ತೋರಿಸಿದ್ದ. ಅದನ್ನು ತಲೆಯಲ್ಲಿಟ್ಟುಕೊಂಡು ಬಂದು ಹಲಗೆ ಕೊಯ್ದೆ. ಒಳಗಿನ ಒಂದೊಂದು ಸಂದಿಗೂ ಅಂಟು ತುಂಬಿದೆ, ಗೇಣಿಗೊಂದು ಸ್ಕ್ರೂ ಹಾಕಿದೆ. ಒಂದು ಕಡೆ ಗಾಳಿ ಸೋರಿದರೂ ಹಾರ್ನ್ ಡಬ್ಬ ಕೆಮ್ಮುತ್ತದೆ. ಕೊಯ್ಲು ಮುಗಿದ ಗದ್ದೆ ಬಯಲಿನ ಒಂದು ತುದಿಗೆ ಡಬ್ಬ ಇಟ್ಟು, ಹಾಡು ಹಚ್ಚಿ, ನಾನು ಇನ್ನೊಂದು ತುದಿಗೆ ನಡೆದುಕೊಂಡು ಹೋದೆ. ಹತ್ತಿರ ನಿಂತಾಗ ಇಷ್ಟೇನಾ ಅನಿಸಬೇಕು, ದೂರ ಹೋದ ಹಾಗೆ ಎದೆಗೆ ತಾಗಬೇಕು. ಒಳ್ಳೆಯ ಹಾರ್ನ್ ಡಬ್ಬದ ಗುರುತು ಅದು. ಕೆರೆ ದಂಡೆಯವರೆಗೂ ಹೋದೆ. ತಾಗಿತು. ಮನೆಗೆ ಬಂದು ಹೆಂಡತಿಗೆ ಪಾಯಸ ಮಾಡು ಎಂದೆ.

ಅವನು ಸುದ್ದಿ ಕೇಳಿ ನೋಡಲು ಬಂದ. ಬಿಳಿ ಶರ್ಟು, ಬಿಳಿ ಪ್ಯಾಂಟು. ಈ ಕಸುಬಿನಲ್ಲಿ ಬಿಳಿ ಬಟ್ಟೆ ಹಾಕುವವನು ಡಬ್ಬ ಎತ್ತುವವನಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಬಡಿದ, ಕಿವಿ ಹಚ್ಚಿದ, ಹಾಡು ಹಚ್ಚುತ್ತೇನೆ ಕೇಳಿ ಎಂದರೆ ಬೇಡವೆಂದ. ಎಡಮಗ್ಗುಲ ಹಲಗೆಯ ಒಂದು ಗಂಟಿನ ಮೇಲೆ ಬೆರಳಿಟ್ಟು ನಿಂತುಬಿಟ್ಟ. ನನ್ನ ಎದುರಿಗೆ ಏನೂ ಹೇಳಲಿಲ್ಲ. ಪಾಯಸ ಕುಡಿದು ಹೋದ. ಮುಂದಿನ ವಾರದಿಂದ ಮದುವೆಯವರು ನನಗೆ ಫೋನು ಮಾಡಿದರೆ ಮೊದಲು ಕೇಳುವುದು, ಆ ಸುಳಿ ಇರುವ ಡಬ್ಬ ಅಲ್ಲವಷ್ಟೇ ಎಂದು. ಕಪ್ಪು ಬಣ್ಣ ಬಳಿದೆ, ಮೇಲೆ ಕಾರ್ಪೆಟ್ ಅಂಟಿಸಿದೆ. ಆಗ, ಸುಳಿ ಮುಚ್ಚಿದ್ದಾನೆ ಎಂದರು. ಆ ವರ್ಷ ಲಗ್ನದ ಮುಹೂರ್ತಗಳೆಲ್ಲ ಅವನ ಪಾಲಾದವು. ನನಗೆ ಸಿಕ್ಕಿದ್ದು ಚುನಾವಣೆ ಪ್ರಚಾರದ ಜೀಪು ಮತ್ತು ನಾಯಿಗೆ ಚುಚ್ಚುಮದ್ದು ಹಾಕಿಸಿ ಎನ್ನುವ ಪ್ರಕಟಣೆ.

ಅವನ ಇನ್ನೊಂದು ವಿದ್ಯೆ ಹೇಳದೆ ಬಿಡಬಾರದು. ಸದ್ದು ಏರಿಸಿ ಇಳಿಸುವ ಅವನ ಮಿಕ್ಸರಿನ ಬಲಮೂಲೆಯಲ್ಲಿ ಒಂದು ದೊಡ್ಡ ತಿರುಪು ಇತ್ತು, ಹಿತ್ತಾಳೆ ಬಣ್ಣದ್ದು. ಅದಕ್ಕೆ ಒಳಗೆ ವೈರು ಇರಲಿಲ್ಲ. ಯಾವ ಮದುವೆ ಮನೆಯಲ್ಲೂ ಒಬ್ಬ ಹಿರಿಯರು ಬಂದು ಸದ್ದು ಜಾಸ್ತಿಯಾಯಿತು ಎಂದು ಗದರಿಸುವುದು ಇದ್ದದ್ದೇ. ಅವನು ಎದ್ದು ನಿಂತು, ಕೈ ಮುಗಿದು, ಆ ಹಿತ್ತಾಳೆ ತಿರುಪನ್ನು ಬಹಳ ನಾಜೂಕಾಗಿ ಒಂದು ಎಳ್ಳಿನಷ್ಟು ತಿರುಗಿಸುತ್ತಿದ್ದ.

“ಈಗ ಹ್ಯಾಂಗ್ರಿ ಯಜಮಾನ್ರ?”

“ಹಾಂ, ಈಗ ಕಿವಿಗೆ ಹಿತ ಆತು” ಎನ್ನುತ್ತಿದ್ದರು ಹಿರಿಯರು. ಮಗ ಬಂದು ಸಾಲದು ಎಂದರೆ ಅದೇ ತಿರುಪು ಆಚೆಗೆ ತಿರುಗುತ್ತಿತ್ತು. ಮಗನಿಗೂ ತೃಪ್ತಿ. ನಾನು ಅಂಥ ಜಾಗದಲ್ಲಿ ನಿಜವಾಗಿ ಕಡಿಮೆ ಮಾಡುತ್ತಿದ್ದೆ, ನಿಜವಾಗಿ ಜಾಸ್ತಿ ಮಾಡುತ್ತಿದ್ದೆ. ಅಪ್ಪ ಮಗ ಇಬ್ಬರ ಕೈಲೂ ಬೈಸಿಕೊಳ್ಳುತ್ತಿದ್ದೆ. ಇಲ್ಲದ ತಿರುಪಿಗೆ ತಲೆದೂಗುವ ಜನಕ್ಕೆ ಅಂಥವನೇ ತಕ್ಕವನು ಎಂದು ಅನಿಸಿದ್ದೂ ಉಂಟು.

ಇಷ್ಟರಲ್ಲಿ ಮಂಚಿಕೇರಿ ಹತ್ತಿರ ಒಂದು ಹೊಸ ಸಭಾಭವನ ಎದ್ದಿತು. ಮದುವೆ, ಉಪನಯನ, ಸಭೆ, ಎಲ್ಲಕ್ಕೂ ಖಾಯಂ ಒಬ್ಬನೇ ಸೌಂಡಿನವನು ಇರಲಿ ಎಂದು ಸಮಿತಿಯವರು ನಿಶ್ಚಯಿಸಿದರು. ಸೆಟ್ಟು ಅಲ್ಲೇ ಇರುತ್ತದೆ, ಇಳಿಸುವುದಿಲ್ಲ, ಏರಿಸುವುದಿಲ್ಲ. ನನ್ನಂಥವನಿಗೆ ಇದು ಎಷ್ಟು ದೊಡ್ಡದು ಎಂದು ಡಬ್ಬ ಹೊತ್ತವರಿಗೆ ಗೊತ್ತು. ವರ್ಷದ ಅರ್ಧದಷ್ಟು ದಿನ ಟೆಂಪೋದ ಹಿಂದೆ ಡಬ್ಬ ಹಿಡಿದುಕೊಂಡು ಕುಳಿತವನು ನಾನು. ಸೊಂಟ ಆಗಲೇ ಮಾತಾಡತೊಡಗಿತ್ತು. ಒಂದು ಕಡೆ ನೆಲೆ ನಿಲ್ಲುವ ಅವಕಾಶ ನನಗೆ ಜೀವಮಾನದಲ್ಲಿ ಬಂದದ್ದು ಅದೊಂದೇ. ಬೇರೆ ಕೆಲಸವೆಲ್ಲ ಬಿಟ್ಟು ಆ ಮಳೆಗಾಲ ಇನ್ನೆರಡು ಹಾರ್ನ್ ಡಬ್ಬ ಮಾಡಿದೆ. ಅವನ ಸುಳಿ ಮಾತಿಗೆ ಹೆದರಿ ಗಂಟಿಲ್ಲದ ಹಲಗೆಯನ್ನೇ ಹುಡುಕಿ ತಂದೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಸಮಿತಿಯವರು ಇಬ್ಬರನ್ನೂ ಒಂದೇ ಮಧ್ಯಾಹ್ನ ಕರೆದರು. ಇಬ್ಬರೂ ಡಬ್ಬ ಹೂಡಿ, ಹಚ್ಚಿ ತೋರಿಸಬೇಕು, ಕೇಳಿ ಆರಿಸುತ್ತೇವೆ ಎಂದು. ನಾನು ನಾಲ್ಕು ತಂದಿದ್ದೆ. ಅವನು ಎಂಟು ತಂದಿದ್ದ. ವೇದಿಕೆಯ ಎರಡೂ ಕಡೆ ಗೋಡೆಯ ಹಾಗೆ ಪೇರಿಸಿ, ಪ್ರತಿಯೊಂದಕ್ಕೂ ಕುಂಕುಮ ಹಚ್ಚಿ, ಮೇಲಿನದಕ್ಕೆ ಸೇವಂತಿಗೆ ಮಾಲೆ ಹಾಕಿದ್ದ. ಅವನ ಆಳುಗಳು ಅವನ್ನು ಇಳಿಸುವಾಗ ನಾನು ಹಿತ್ತಲಲ್ಲಿ ಊಟಕ್ಕೆ ಕುಳಿತಿದ್ದೆ, ನೋಡಲಿಲ್ಲ. ನೋಡಿದ್ದರೆ ಅವರು ಎತ್ತುವ ಸುಲಭದಲ್ಲೇ ತಿಳಿಯುತ್ತಿತ್ತು.

ಹಿರಿಯನೆಂದು ಮೊದಲು ಅವನಿಗೆ ಬಿಟ್ಟರು. ಒಂದು ದೇವರನಾಮ ಹಚ್ಚಿದ. ಸದ್ದು ಮೆತ್ತಗೆ, ಹಿತವಾಗಿ ಬಂತು. ನಡುವೆ ಮೈಕು ಹಿಡಿದು ನಾಲ್ಕು ಮಾತಾಡಿದ, ಒಂದೊಂದು ಅಕ್ಷರವೂ ಕೇಳಿತು. ಎಂಟು ಡಬ್ಬವಿದ್ದೂ ಎಷ್ಟು ಸಂಯಮ ನೋಡಿ ಎಂದು ಸಮಿತಿಯವರು ತಲೆದೂಗಿದರು. ಪುಂಡ ಕುದುರೆಯನ್ನು ಲಗಾಮಿನಲ್ಲಿ ಹಿಡಿದ ಸವಾರನಂತೆ ಅವನು ಕೈಕಟ್ಟಿ ನಿಂತಿದ್ದ.

ಆಮೇಲೆ ನಾನು ಹಚ್ಚಿದೆ.

ತಗಡಿನ ಮಾಡು ಗಡಗಡ ಅಂದಿತು. ಕಿಟಕಿಯ ಗಾಜು, ಫ್ಯಾನಿನ ರೆಕ್ಕೆ, ಅಡಿಗೆ ಕೋಣೆಯ ಕೊಪ್ಪರಿಗೆ, ಎಲ್ಲ ಒಟ್ಟಿಗೆ ಹಾಡತೊಡಗಿದವು. ಹಿಂದಿನ ಸಾಲಿನಲ್ಲಿ ಒಬ್ಬರು ಎದೆ ಹಿಡಿದುಕೊಂಡರು. ನನಗೆ ಆಗಲೇ ಗೊತ್ತಾಯಿತು, ಈ ಡಬ್ಬಕ್ಕೆ ಈ ಕೋಣೆ ಸಾಲದು ಎಂದು. ತಗ್ಗಿಸಲು ಕೈ ಹಾಕುವಷ್ಟರಲ್ಲಿ ಇನ್ನೊಂದು ಆಯಿತು. ಅವನ ಪೇರಿಕೆಯ ನಡುವಿನ ಒಂದು ಡಬ್ಬದ ಬಾಯಿಂದ ಒಂದು ಜೇನುನೊಣ ಹೊರಗೆ ಬಂತು. ಹಿಂದೆಯೇ ನಾಲ್ಕಾರು ಬಂದವು. ಆಮೇಲೆ ಎಣಿಸುವ ಹಾಗಿರಲಿಲ್ಲ.

ನಾನು ಹಾಡು ನಿಲ್ಲಿಸಿದೆ. ಬೇರೆ ಊರಾಗಿದ್ದರೆ ಜನ ಓಡುತ್ತಿದ್ದರು. ಇಲ್ಲಿ ಎಲ್ಲರ ಹಿತ್ತಲಲ್ಲೂ ಜೇನು ಪೆಟ್ಟಿಗೆ. ಕುರ್ಚಿ ಹಿಂದೆ ಸರಿಸಿಕೊಂಡು ಕುಳಿತರು, ಅಷ್ಟೇ. ಸಮಿತಿಯಲ್ಲಿ ಜೇನು ಸಾಕುವ ಒಬ್ಬ ಹಿರಿಯರಿದ್ದರು. ಅವರು ಮೊಬೈಲಿನ ಬೆಳಕು ಹಚ್ಚಿ, ಆ ಡಬ್ಬದ ಬಾಯೊಳಗೆ ತಲೆ ಹಾಕಿ, ಬಹಳ ಹೊತ್ತು ನೋಡಿದರು.

“ತುಡುವೆ ಜೇನು. ಎರಿ ಕಟ್ಟಿ ಸುಮಾರು ದಿನ ಆಯ್ದು” ಎಂದರು. ಅವರೇ ಮತ್ತೆ ಹೇಳಿದರು, “ಸದ್ದು ಮಾಡೋ ಪೆಟ್ಟಿಗೇಲಿ ಜೇನು ಕೂರ್ತಿಲ್ಲೆ. ಇದು ಒಂದಿನನೂ ಕೂಗಿದ ಡಬ್ಬ ಅಲ್ಲ.”

ಬಿಡಿಸಿ ಹೇಳಬೇಕಾದ ಜನ ಅವರಲ್ಲ. ಪಕ್ಕದ ಡಬ್ಬಕ್ಕೂ ಬೆಳಕು ಬಿಟ್ಟರು, ಅದರ ಪಕ್ಕದ್ದಕ್ಕೂ ಬಿಟ್ಟರು. ತುದಿಯ ಎರಡು ಡಬ್ಬದಲ್ಲಿ ಮಾತ್ರ ಸ್ಪೀಕರು ಇತ್ತು. ಉಳಿದ ಆರರಲ್ಲಿ ಹಲಗೆ, ಕತ್ತಲೆ, ಒಂದರಲ್ಲಿ ಜೇನು. ಮೂರು ತಾಲೂಕಿನ ಮದುವೆ ಮನೆಗಳಲ್ಲಿ ಜನ ಎಣಿಸಿ ಎಣಿಸಿ ಹೆಮ್ಮೆಪಟ್ಟ ಡಬ್ಬಗಳು ಅವು.

ನಾನು ಗೆದ್ದೆ ಅಂದುಕೊಂಡೆ. ಅವನ ಮುಖ ನೋಡಲು ತಿರುಗಿದೆ. ಅಲ್ಲಿ ನಾಚಿಕೆಯ ಒಂದು ಗೆರೆಯೂ ಇರಲಿಲ್ಲ. ಹೆಗಲ ಮೇಲೆ ಕುಳಿತ ನೊಣವನ್ನು ಊದಿ ಹಾರಿಸಿ, “ತಾನಾಗೇ ಬಂದ ಕುಂತೈತಿ ಅಂದ್ರ ಶುಭ ಅಲ್ಲೇನ್ರಿ ಹಿರಿಯರ?” ಎಂದ. ಯಾರೋ ನಕ್ಕರು. ಒಬ್ಬರು ನಕ್ಕರೆಂದು ಎಲ್ಲರೂ ನಕ್ಕರು. ಆ ನಗೆಯಲ್ಲಿ ನನ್ನ ನೆಲೆ ಹೋಯಿತು.

ಅಧ್ಯಕ್ಷರು ನನ್ನನ್ನು ಕಂಬದ ಹತ್ತಿರ ಕರೆದುಕೊಂಡು ಹೋದರು. ಒಳ್ಳೆಯ ಮನುಷ್ಯರೇ, ಅದರಲ್ಲಿ ಎರಡು ಮಾತಿಲ್ಲ.

“ತಮಾ, ನಿನ್ನ ಡಬ್ಬ ಚೊಲೋ ಇದ್ದು, ಇಲ್ಲೆ ಹೇಳ್ತಿಲ್ಲೆ. ಆದ್ರೆ ಅದು ಕೂಗಿರೆ ಭಟ್ರ ಮಂತ್ರ ಯಾರಿಗೆ ಕೇಳ್ತು? ಮದುವೆ ಮನೆಯವಕ್ಕೆ ಕಾಣಲೆ ಡಬ್ಬ ಬೇಕು. ಬಂದ ಜನಕ್ಕೆ ಕೇಳಲೆ ಮಾತು ಬೇಕು. ಎರಡೂ ಆ ಮನುಷ್ಯನ ಹತ್ರ ಇದ್ದು.”

“ಖಾಲಿ ಡಬ್ಬ ಅಂತ ಗೊತ್ತಿದ್ದೂ ಕೊಡ್ತ್ರಾ?” ಎಂದೆ.

“ಖಾಲಿ ಇದ್ದಿದ್ದಕ್ಕೇಯ ಕೊಡ್ತಾ ಇದ್ದಿದ್ದು” ಎಂದರು ಅವರು.

ಜೇನು ಆ ಹಿರಿಯರಿಗೆ ಸಿಕ್ಕಿತು, ಎರಿ ಬಿಡಿಸಿ ಪೆಟ್ಟಿಗೆಗೆ ಕಟ್ಟಿಕೊಂಡು ಮನೆಗೆ ಒಯ್ದರು. ಭವನ ಅವನಿಗೆ ಸಿಕ್ಕಿತು. ನನಗೆ ನಾಲ್ಕು ಡಬ್ಬವನ್ನು ಮತ್ತೆ ಟೆಂಪೋಗೆ ಏರಿಸುವ ಕೆಲಸ ಸಿಕ್ಕಿತು. ಏರಿಸುತ್ತಿರುವಾಗ ಅವನು ಬಂದು ಪಕ್ಕದಲ್ಲಿ ನಿಂತ. ಈ ಸಲ ಗೆಣ್ಣಿನಿಂದ ಬಡಿಯಲಿಲ್ಲ. ಡಬ್ಬದ ಬಾಯೊಳಗೆ ಕೈ ಹಾಕಿ, ಒಳದಾರಿಯ ಮೊದಲ ತಿರುವಿನಲ್ಲಿ ಅಂಟಿನ ಗೆರೆಯನ್ನು ಸವರಿದ. ಎಲ್ಲಿ ಸವರಬೇಕು ಎಂದು ಅವನಿಗೆ ಗೊತ್ತಿತ್ತು.

“ಖರೇ ಡಬ್ಬಿ ಐತಿ ತಮ್ಮಾ ಇದು. ಇದನ್ನ ಭವನದಾಗ ತಂದಿಯಲ್ಲ, ಹೋರಿ ತಂದು ಅಡಗಿಮನ್ಯಾಗ ಕಟ್ಟಿದಂಗ ಆತು” ಎಂದ.

ಅದು ಸರಿಯಾದ ಮಾತು. ಆ ಮಾತು ಕೇಳಿದ ಮೇಲೆಯೇ ಅವನ ಬಗ್ಗೆ ನನ್ನಲ್ಲಿ ಉಳಿದಿದ್ದ ಅಷ್ಟಿಷ್ಟು ಕನಿಕರವೂ ಹೋದದ್ದು. ಅಲ್ಲಿಯವರೆಗೆ, ಪಾಪ, ಏನೂ ತಿಳಿಯದವನು, ಬಾಯಿಂದ ಬದುಕುತ್ತಾನೆ ಎಂದುಕೊಂಡಿದ್ದೆ. ತಿಳಿಯದವನನ್ನು ಕ್ಷಮಿಸಬಹುದು. ಇವನಿಗೆ ಎಲ್ಲವೂ ತಿಳಿದಿತ್ತು. ಯಾವ ಡಬ್ಬ ಎಲ್ಲಿಗೆ, ಬಾಯಿ ಎಷ್ಟಗಲ, ಸಂದಿ ಎಲ್ಲಿ ಸೋರುತ್ತದೆ, ಎಲ್ಲವೂ. ಅಷ್ಟು ತಿಳಿದೂ ಹಲಗೆಯ ಮೇಲೆ ಸುಳಿ ತೋರಿಸಿ ಒಬ್ಬನ ಅನ್ನಕ್ಕೆ ಕಲ್ಲು ಹಾಕಿದ. ಕೇಳುವ ಕಿವಿ ಇದ್ದೂ ಜನಕ್ಕೆ ಕಣ್ಣಿನಲ್ಲಿ ಕೇಳುವುದನ್ನು ಕಲಿಸಿದ. ನನ್ನ ಲೆಕ್ಕದಲ್ಲಿ ಕಳ್ಳನಿಗಿಂತ ಕೆಳಗಿನ ಮೆಟ್ಟಿಲು ಅದು.

ಆಮೇಲೆ ವರ್ಷಗಳು ಕಳೆದವು. ನಾನು ಮಂಚಿಕೇರಿ ದಾರಿಯಲ್ಲಿ ಹೋಗುವಾಗ ಆ ಭವನದ ಕಡೆ ನೋಡದೆ ಹೋಗುವುದನ್ನು ರೂಢಿ ಮಾಡಿಕೊಂಡೆ. ಅವನು ಅಂಗಡಿ ಮುಚ್ಚಿ, ಎಂಟು ಡಬ್ಬವನ್ನೂ ಭವನಕ್ಕೆ ದಾನ ಕೊಟ್ಟ. ದಾನಿ ಎಂದು ಗೋಡೆಯಲ್ಲಿ ಕಲ್ಲು ಕೂರಿಸಿದರು. ಸನ್ಮಾನದ ದಿನ ಮಿಕ್ಸರು ಹಿಡಿಯಲು ಜನ ಬೇಕಾಗಿ ಅಧ್ಯಕ್ಷರು ನನಗೇ ಫೋನು ಮಾಡಿದರು. ಹೆಂಡತಿ ಹೋಗಬೇಡ ಎಂದಳು. ಕೆಲಸಕ್ಕೆ ಕರೆದರೆ ಹೋಗದೆ ಇರುವ ಜಾಯಮಾನ ನನ್ನದಲ್ಲ. ಹೋದೆ.

ಶಾಲು ಹೊದೆಸಿದ ಮೇಲೆ ಅವನು ಮೈಕಿನ ಮುಂದೆ ನಿಂತ. ಈ ಎಂಟು ಡಬ್ಬಗಳನ್ನು ತಾನು ಹೇಗೆ ಹುಬ್ಬಳ್ಳಿಯ ಗೋದಾಮಿನಲ್ಲಿ ಒಂದೊಂದಾಗಿ ಕಿವಿಗೊಟ್ಟು ಆರಿಸಿದೆ, ಹೇಗೆ ಒಂದೊಂದಕ್ಕೂ ಒಂದೊಂದು ಸ್ವರ, ಹೇಗೆ ಎಂಟೂ ಸೇರಿದರೆ ಓಂಕಾರ ಎಂದು ಹೇಳುತ್ತ ಹೋದ. ಆರು ಖಾಲಿ ಎಂದು ತಿಳಿದ ಸಮಿತಿಯವರು ಮುಂದಿನ ಸಾಲಿನಲ್ಲೇ ಕುಳಿತು ಚಪ್ಪಾಳೆ ತಟ್ಟಿದರು. ನನ್ನ ಕೈ ಮಿಕ್ಸರಿನ ಮೇಲಿತ್ತು. ಅವನ ದನಿ ವಯಸ್ಸಿಗೆ ನಡುಗುತ್ತಿತ್ತು, ಬಾಯಿ ಮೈಕಿನಿಂದ ಆಚೆ ಈಚೆ ಹೋಗುತ್ತಿತ್ತು. ಒಂದು ಬೆರಳು ತಪ್ಪಿದರೆ ಸಾಕು, ಮೈಕು ಕೀಂ ಎಂದು ಅವನ ಓಂಕಾರ ಅಲ್ಲಿಗೇ ಮುಗಿಯುತ್ತಿತ್ತು. ನಾನು ಹಾಗೆ ಮಾಡಲಿಲ್ಲ. ನಡುಕ ತೆಗೆದೆ, ತಗ್ಗಿದಲ್ಲಿ ಎತ್ತಿದೆ. ಅವನ ಒಂದೊಂದು ಸುಳ್ಳೂ ಕೊನೆಯ ಕುರ್ಚಿಯವರೆಗೆ ಸ್ಪಷ್ಟವಾಗಿ ಹೋಯಿತು. ಅದು ನನ್ನ ಕೆಲಸ.

ಊಟದ ಹೊತ್ತಿಗೆ ಅವನೂ ಅಧ್ಯಕ್ಷರೂ ಒಟ್ಟಿಗೆ ನನ್ನ ಹತ್ತಿರ ಬಂದರು. ಇನ್ನು ಮುಂದೆ ಭವನದ ಕೆಲಸ ನನಗೇ ಎಂದು ಅಧ್ಯಕ್ಷರು ಹೇಳಿದರು. ಒಂದೇ ಮಾತು, ಆ ಎಂಟು ಡಬ್ಬ ಇದ್ದಲ್ಲೇ ಇರಬೇಕು, ಇದ್ದ ಹಾಗೇ ಇರಬೇಕು. “ನಾನೇ ಹೇಳೀನಿ ನಿನ್ನ ಹೆಸರು” ಎಂದ ಅವನು, ಮಗನ ಮದುವೆ ಗೊತ್ತುಮಾಡಿದವನ ಹಾಗೆ. ಸೊಂಟ ಆ ಕ್ಷಣದಲ್ಲೇ ಚುಚ್ಚಿತು, ಹೂಂ ಅನ್ನು ಎಂದು.

“ಸ್ಪೀಕರು ಹಾಕ್ತೆ, ಎಂಟಕ್ಕೂ. ಇಲ್ಲಾ ಆರು ಹೊರಗೆ ಹಾಕ್ತೆ. ಎರಡ್ರಲ್ಲಿ ಒಂದು ಹೇಳಿ” ಎಂದೆ.

ಅಧ್ಯಕ್ಷರು ಅವನ ಮುಖ ನೋಡಿದರು. ಅವನು ನನ್ನ ಭುಜ ತಟ್ಟಿ, “ಇನ್ನೂ ಬುದ್ಧಿ ಬಂದಿಲ್ಲ ನಿನಗ” ಎಂದ.

“ನಾಳೆ ಕಿರವತ್ತಿಲಿ ಕಬಡ್ಡಿ ಉಂಟು. ನನ್ನ ನಾಲ್ಕು ಡಬ್ಬ ಬಯಲಲ್ಲಿ ಹೂಡ್ತೆ. ಬನ್ನಿ. ದೂರ ನಿಂತು ಕೇಳಿ” ಎಂದೆ. ಯಾಕೆ ಕರೆದೆನೋ ಗೊತ್ತಿಲ್ಲ. ಅಷ್ಟು ದೂರ ಬರಲಾರ ಎಂದುಕೊಂಡಿದ್ದೆ.

ಬಂದ. ಅದೇ ಬಿಳಿ ಬಟ್ಟೆ, ಕೈಯಲ್ಲೊಂದು ಕೋಲು. ಒಂದು ಪಂದ್ಯ ಮುಗಿದು ಇನ್ನೊಂದು ಶುರುವಾಗುವ ನಡುವೆ ಹಾಡು ಹಚ್ಚಿದ್ದೆ. ಹೆದ್ದಾರಿಯ ಆಚೆ ಢಾಬಾದ ಮುಂದೆ ನಿಂತ ಲಾರಿ ಡ್ರೈವರುಗಳು ಕುಣಿಯುತ್ತಿದ್ದರು, ಅಲ್ಲಿಯವರೆಗೆ ಹೋಗುತ್ತಿತ್ತು ನನ್ನ ಡಬ್ಬದ ಸ್ವರ. ಅವನು ದೂರ ನಿಲ್ಲಲಿಲ್ಲ. ಕೋಲೂರಿಕೊಂಡು ನೆಟ್ಟಗೆ ಸಂಘಟಕರ ಮೇಜಿಗೆ ಹೋದ. ಅವರು ಎದ್ದು ಕುರ್ಚಿ ಕೊಟ್ಟರು. ಕುಳಿತವನೇ ನನ್ನ ಡಬ್ಬಗಳನ್ನು ಬೆರಳು ಮಾಡಿ ಎಣಿಸಿದ. ನಾಲ್ಕು ಬೆರಳು ಎತ್ತಿ ಅವರಿಗೆ ತೋರಿಸಿ, ತುಟಿ ಸೊಟ್ಟ ಮಾಡಿದ. ಆಮೇಲೆ ಅವರಲ್ಲಿ ಒಬ್ಬನ ಕಡೆ ಬಾಗಿ, ಬಾಯಿಗೆ ಕೈ ಅಡ್ಡ ಹಿಡಿದು, ಏನೋ ಹೇಳತೊಡಗಿದ. ಆ ಸಂಘಟಕ ಚೆನ್ನಾಗಿ ಕೇಳಲೆಂದು ಕಿವಿ ಹತ್ತಿರ ತಂದ.

ನಾನು ಬೇಸ್ ಏರಿಸಿದೆ.

ಸಂಘಟಕ ಏನೆಂದು ಕೈಯಲ್ಲಿ ಕೇಳಿದ. ಅವನು ಮತ್ತೆ ಹೇಳಿದ. ಮತ್ತಷ್ಟು ಏರಿಸಿದೆ. ಮೇಜಿನ ಮೇಲಿನ ನೀರಿನ ಲೋಟ ತಾನಾಗಿ ಅಂಚಿನ ಕಡೆ ಸರಿಯುತ್ತಿತ್ತು. ಅವನ ಕತ್ತಿನ ನರ ಉಬ್ಬಿತ್ತು, ತುಟಿ ಅಲ್ಲಾಡುತ್ತಲೇ ಇತ್ತು.